ಹಗ್ಗದ ತುದಿಯ ಗಂಟು

ಮೆಲ್ರೋಸ್, ಮೊಂಟಾನಾ
ಜೂನ್ 20, ಗುರುವಾರ, ಬೆಳಗಿನ ತಿಂಡಿಯಾದ ಮೇಲೆ

ನನ್ನ ಗಾರ್ತ್‌ಗೆ,

ಮೂವತ್ತೊಂದು ವರ್ಷದಿಂದ ನಿನ್ನನ್ನು ಸಹಿಸಿಕೊಂಡಿರುವ ಐಲಾ ಬರೆಯುವ ಕಾಗದ. ನಾನು ಚೆನ್ನಾಗಿದ್ದೇನೆ, ನದಿಯೂ ಚೆನ್ನಾಗಿದೆ. ಇಬ್ಬರೂ ಸ್ವಲ್ಪ ಉಬ್ಬಿದ್ದೇವೆ. ಇಂದು ಬೆಳಿಗ್ಗೆ ನಮ್ಮ ಬಿಗ್ ಹೋಲ್ ನದಿ ಸೆಕೆಂಡಿಗೆ ಐದು ಸಾವಿರದ ಎಂಟುನೂರು ಘನ ಅಡಿ ಓಡುತ್ತಿತ್ತು. ಬೇಸಗೆ ಕಾಲಿಟ್ಟು ಮೂರು ವಾರವಾದರೂ ಮೇಲಿನ ಬೆಟ್ಟಗಳಲ್ಲಿ ಹಿಮ ಕರಗುವುದು ಮುಗಿದಿಲ್ಲ. ನೀರು ವಿಲ್ಲೋ ಪೊದೆಗಳ ಸೊಂಟದವರೆಗೆ ಬಂದಿದೆ, ಬಣ್ಣ ಹಾಲು ಕಡಿಮೆ ಹಾಕಿದ ಚಹಾದ್ದು. ಗಿರಾಕಿಗಳನ್ನು ಮೀನು ಹಿಡಿಯಲು ಕರೆದೊಯ್ಯುವ ಗೈಡುಗಳಲ್ಲಿ ಅರ್ಧಕ್ಕರ್ಧ ಜನ ದೋಣಿಗಳನ್ನು ಅಂಗಳದಲ್ಲೇ ಬಿಟ್ಟು ಕಾಫಿ ಅಂಗಡಿಯಲ್ಲಿ ಕೈಕಟ್ಟಿ ಕೂತಿದ್ದಾರೆ. ನಾನು ಕೂತಿಲ್ಲ.

ಸೋಮವಾರ ನಿನ್ನ ಕಾಗದ ಬಂತು. ದೋಣಿಯನ್ನು ಮಾರಿಬಿಡು, ಟ್ವಿನ್ ಬ್ರಿಜಸ್‌ನ ಗೈಡ್ ಒಬ್ಬ ಶನಿವಾರ ಬಂದು ನೋಡುತ್ತಾನೆ, ಅವನು ಒಪ್ಪಿದರೆ ಅಲ್ಲೇ ಕೊಟ್ಟುಬಿಡು, ಸಹಿ ಹಾಕುವುದು ಮರೆತುಹೋಗುವ ಮೊದಲೇ ಹಾಕಿದ ಸಹಿ ಇದರ ಜೊತೆಗಿದೆ ಎಂದು ಬರೆದಿದ್ದೀಯ. ಎರಡು ಸಲ ಓದಿದೆ. ದೋಣಿ ಮಾರುವುದಿಲ್ಲ. ಶನಿವಾರ ಆ ಮನುಷ್ಯ ಬಂದರೆ ಕಾಫಿ ಕೊಟ್ಟು ಕಳಿಸುತ್ತೇನೆ. ಏಕೆ ಮಾರುವುದಿಲ್ಲ ಎಂದು ಹೇಳಲಿಕ್ಕೇ ಈ ಕಾಗದ ಬರೆಯಲು ಕೂತಿರುವುದು. ಆದರೆ ಮೊದಲು ಬೇರೆ ಸುದ್ದಿ ಹೇಳುತ್ತೇನೆ. ನನಗೆ ಜಂಬ ಕೊಚ್ಚಿಕೊಳ್ಳಬೇಕಾಗಿದೆ, ಅದನ್ನು ಕೇಳಿ ಸರಿಯಾಗಿ ಹೊಟ್ಟೆಕಿಚ್ಚುಪಡಬಲ್ಲ ಮನುಷ್ಯ ಈ ರಾಜ್ಯದಲ್ಲಿ ನೀನೊಬ್ಬನೇ.

ಫೋನಿಗೆ ನೀನು ಬರುವುದಿಲ್ಲವಂತೆ. ಮಾತಿನ ನಡುವೆ ಎಳೆ ತಪ್ಪಿಬಿಟ್ಟರೆ ಎಂದು ಭಯವಂತೆ, ನಿನ್ನ ತಂಗಿ ಮಾರ್ಲಾ ಹೇಳಿದಳು. ಸರಿ, ಕಾಗದದಲ್ಲಿ ಆ ತೊಂದರೆ ಇಲ್ಲ. ಎಳೆ ತಪ್ಪಿದರೆ ಮೇಲಿನಿಂದ ಮತ್ತೆ ಓದು.

ಸುದ್ದಿ ಇದು: ಮಂಗಳವಾರ ಪೆಟಿಗ್ರೂ ಸಾಹೇಬರನ್ನು ನಾನೇ ದೋಣಿಯಲ್ಲಿ ಕೂರಿಸಿಕೊಂಡು ಹೋದೆ. ಹೌದು, ಅದೇ ಪೆಟಿಗ್ರೂ. ಕಳೆದ ವರ್ಷ ಜೂನ್‌ನಲ್ಲಿ ಹೊಳೆಯೊಳಗಿನ ಪಾದ್ರಿ ಕಲ್ಲಿನ ಹತ್ತಿರ ನಿನ್ನ ಜೊತೆಯೇ ನೀರಿಗೆ ಬಿದ್ದು ಹೆಗಲ ಮೂಳೆ ಮುರಿದುಕೊಂಡವರು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಟೆನೆಸಿಯಿಂದ ಮತ್ತೆ ಬಂದಿದ್ದಾರೆ. ಅಂಗಳದಲ್ಲಿ ನಿಂತು ನೀನೆಲ್ಲಿ ಎಂದು ಕೇಳಿದರು. ಮೊಂಟಾನಾದ ಉತ್ತರಕ್ಕಿರುವ ಮಾಲ್ಟಾ ಊರಲ್ಲಿ ತಂಗಿಯ ಮನೆಯಲ್ಲಿದ್ದಾನೆ, ಅವಳ ಗೋಧಿ ಹೊಲದ ಟ್ರ್ಯಾಕ್ಟರ್ ರಿಪೇರಿ ನೋಡಿಕೊಳ್ಳುತ್ತಿದ್ದಾನೆ ಎಂದೆ. ಹಾಗಾದರೆ ನನ್ನನ್ನು ಯಾರು ಕರೆದೊಯ್ಯುತ್ತಾರೆ ಎಂದರು. ನಾನು ಎಂದೆ. ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ಗಾಳಕ್ಕೆ ಗರಿಯ ಹುಳ ಕಟ್ಟುವವರಲ್ಲವೇ ಎಂದು ಕೇಳಿದರು. ಕಟ್ಟುತ್ತೇನೆ, ಕೊಕ್ಕೆಗೆ ಗರಿ ಸುತ್ತುವ ಕೈ ಹುಟ್ಟು ಹಾಕಬಾರದೆಂದು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಕೇಳಿದೆ. ಅವರು ದೋಣಿ ಹತ್ತಿದರು. ಅಂದ ಹಾಗೆ ನನ್ನ ಗೈಡ್ ಪರವಾನಗಿ ಮಾರ್ಚ್‌ನಲ್ಲೇ ಬಂದಿದೆ. ನಿನಗೆ ತಿಳಿಸಿರಲಿಲ್ಲ.

ಎಂಥ ದಿನ ಗೊತ್ತೇ! ಸಾಲ್ಮನ್ ಹುಳಗಳು ಎದ್ದಿವೆ. ಕಿರುಬೆರಳಿನುದ್ದದ ಕಿತ್ತಳೆ ಹೊಟ್ಟೆಯವು ಪ್ರತಿ ವಿಲ್ಲೋ ಕಡ್ಡಿಯಲ್ಲೂ ನಾಲ್ಕೈದು ತೂಗಾಡುತ್ತಿದ್ದವು. ಗಾಳಿ ಬೀಸಿದರೆ ಪಟಪಟನೆ ನೀರಿಗೆ ಬೀಳುತ್ತಿದ್ದವು. ನೀನು ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಿದ್ದುದನ್ನೇ ಇವರಿಗೂ ಹೇಳಿದೆ. ಇಷ್ಟು ರಭಸದ ನೀರಲ್ಲಿ ಟ್ರೌಟ್ ಮೀನು ನಡುಹೊಳೆಯಲ್ಲಿ ನಿಂತು ಏಕೆ ಒದ್ದಾಡಬೇಕು? ದಡಕ್ಕೆ ಅಂಟಿಕೊಂಡು, ಹುಲ್ಲಿನ ಬೇರಿನ ಮಗ್ಗುಲಲ್ಲಿ ನೀರು ಸುಸ್ತಾಗುವ ಒಂದು ಗೇಣು ಜಾಗದಲ್ಲಿ ಅದು ಕಾಯುತ್ತದೆ. ಬೇರೆ ದಿನಗಳಲ್ಲಿ ನಾವು ಬೂಟು ಹಾಕಿಕೊಂಡು ನಿಲ್ಲುವ ಜಾಗದಲ್ಲೇ ಈಗ ಮೀನಿದೆ. ಪೆಟಿಗ್ರೂ ಈ ಪಾಠವನ್ನು ನಿನ್ನಿಂದ ಹತ್ತು ವರ್ಷ ಕೇಳಿದ್ದಾರೆ. ಆದರೂ ಅಗಲವಾದ ಹೊಳೆ ಕಂಡ ತಕ್ಷಣ ಕೈ ತಡೆಯದೆ ನಡುವಿಗೇ ಎಸೆದರು.

“ದಡಕ್ಕೆ ಹಾಕಿ ಸಾರ್, ನಡುವಲ್ಲಿ ಯಾರೂ ಮನೇಲಿಲ್ಲ,” ಎಂದೆ.

“ದಡದಿಂದ ಒಂದೇ ಅಡಿ ಇದೆಯಲ್ಲಮ್ಮ.”

“ಆ ಒಂದು ಅಡೀನೇ ದೂರ. ಹುಲ್ಲಿನ ಮೇಲೆ ಬಿದ್ದು ಅಲ್ಲಿಂದ ಜಾರಲಿ. ಸಿಕ್ಕಿಕೊಂಡು ಹೋದ್ರೆ ಹೋಗ್ಲಿ, ಕಟ್ಟೋಳು ನಾನೇ ಅಲ್ವಾ.”

ನಾನು ಕಟ್ಟಿದ ಏಳು ಹುಳ ಪೊದೆಗೆ ಸಿಕ್ಕಿಕೊಂಡು ಹೋದವು. ಎಂಟನೆಯದು ಹುಲ್ಲಿನ ಎಸಳಿನಿಂದ ತೊಟ್ಟಿಕ್ಕಿದ ಹಾಗೆ ನೀರಿಗೆ ಇಳಿಯಿತು. ಕಚ್ಚಿದ್ದು ಕಂದು ಟ್ರೌಟ್, ಇಪ್ಪತ್ತೊಂದು ಇಂಚು. ದೊಡ್ಡ ನೀರಿಗೆ ಹಾರಿಬಿಟ್ಟರೆ ಕತೆ ಮುಗಿಯಿತು ಎಂದು ನಾನು ದೋಣಿಯನ್ನು ಉರುಳಿಬಿದ್ದ ಕಾಟನ್‌ವುಡ್ ಮರದ ಹಿಂದಿನ ಮಡುವಿಗೆ ನುಗ್ಗಿಸಿದೆ. ಎಡಗೈಯಲ್ಲಿ ಪೊದೆ ಹಿಡಿದುಕೊಂಡು ಬಲಗೈಯಲ್ಲಿ ಬಲೆ ಚಾಚಿದೆ. ಲಂಗರು ಮುಟ್ಟಲಿಲ್ಲ. ಸಾಹೇಬರು ಮೀನನ್ನು ನೀರಿಗೆ ಬಿಟ್ಟರು. ಇಂಥ ಮಡು ಅಲ್ಲಿದೆ ಎಂದು ಗಾರ್ತ್‌ಗೂ ಗೊತ್ತಿತ್ತೇ ಎಂದು ಆಮೇಲೆ ಕೇಳಿದರು. ಗೊತ್ತಿಲ್ಲ ಎಂದು ಸುಳ್ಳು ಹೇಳಿದೆ. ಅಷ್ಟು ಹಕ್ಕು ನನಗಿದೆ.

ಪಾದ್ರಿ ಕಲ್ಲೂ ಬಂತು. ಅದರ ಸದ್ದು ತಿರುವಿಗೆ ಮೊದಲೇ ಕೇಳುತ್ತದಲ್ಲ, ಸಾಹೇಬರು ಗಾಳದ ಕೋಲನ್ನು ಒಳಗಿಟ್ಟು ಎರಡೂ ಕೈಯಿಂದ ಸೀಟು ಹಿಡಿದುಕೊಂಡರು. ಹೆದರಿಸುವ ವಸ್ತುವಿನ ಕಡೆಗೆ ದೋಣಿಯ ಮೂತಿ ತಿರುಗಿಸಿ ಹಿಂದಕ್ಕೆ ಎಳೆ ಎಂದು ಮದುವೆಯಾದ ಹೊಸದರಲ್ಲಿ ನೀನು ನನ್ನ ಮೇಲೆ ಕೂಗಾಡುತ್ತಿದ್ದೆಯಲ್ಲ, ಹಾಗೆಯೇ ಮಾಡಿದೆ. ಹುಟ್ಟಿನ ಒಂಬತ್ತು ಎಳೆತಕ್ಕೆ ಕಲ್ಲು ಬಲಕ್ಕೆ ಸರಿದುಹೋಯಿತು. ನೀನು ಹನ್ನೊಂದು ತೆಗೆದುಕೊಳ್ಳುತ್ತಿದ್ದೆ. ಲೆಕ್ಕ ಇಟ್ಟಿದ್ದೇನೆ, ಮಾರಾಯ.

ಕಲ್ಲಿನ ಕೆಳಗೆ ಇನ್ನೂ ತಲೆ ಎತ್ತಿಕೊಂಡಿರುವ ಒಂದೇ ಮರಳುದಿಬ್ಬ ಇದೆ. ಅಲ್ಲಿ ಊಟಕ್ಕೆ ನಿಲ್ಲಿಸಿದೆ. ಬ್ಯೂಟ್‌ನಿಂದ ತರಿಸಿದ ಪ್ಯಾಸ್ಟಿ ಬಿಸಿಯಾಗಿಯೇ ಇತ್ತು, ಒಳಗಿನ ಮಾಂಸ ಆಲೂಗಡ್ಡೆ ಎರಡೂ ಚೆನ್ನಾಗಿ ಬೆಂದಿದ್ದವು. ಸಾಹೇಬರು ತಿನ್ನುವುದನ್ನು ಬಿಟ್ಟು ಕಾಲ ಕೆಳಗಿನ ಮರಳನ್ನೇ ನೋಡುತ್ತಿದ್ದರು. ಕಳೆದ ವರ್ಷ ನನ್ನ ಕಾಲಿಗೆ ನೆಲ ಸಿಕ್ಕಿದ್ದು ಇಲ್ಲೇ ಎಂದರು. ಆಮೇಲೆ ನೀನು ನನಗೆ ಯಾವತ್ತೂ ಹೇಳದ ಸಂಗತಿ ಹೇಳಿದರು.

ದೋಣಿ ಮುಳುಗಿ ಇಬ್ಬರೂ ನೀರಲ್ಲಿದ್ದಾಗ ನೀನು ಅವರ ಜಾಕೆಟ್ಟಿನ ಕಾಲರ್ ಹಿಡಿದುಕೊಂಡಿದ್ದೆಯಂತೆ. ಮನೆಯ ಜಗಲಿಯಲ್ಲಿ ಕೂತು ದಾರಿ ಹೇಳುವವನ ಹಾಗೆ ಒಂದೊಂದೇ ಹೇಳುತ್ತಾ ಹೋದೆಯಂತೆ. ಈಗ ಎಡಗಡೆ ಮುಳುಗಿದ ಮರ ಬರುತ್ತದೆ, ಕಾಲು ಮೇಲೆತ್ತಿ. ಈಗ ಒಂದು ತಣ್ಣನೆಯ ಸುಳಿ, ಒಳಗೆ ಎಳೆಯುತ್ತದೆ, ಹೆದರಬೇಡಿ, ಅದೇ ಬಿಡುತ್ತದೆ. ಇನ್ನು ನಲವತ್ತು ಎಣಿಸಿ, ಕಾಲಿಗೆ ಮರಳು ಸಿಗುತ್ತದೆ. ಸಾಹೇಬರು ಶಾಲೆಯಲ್ಲಿ ಗಣಿತ ಕಲಿಸಿದವರು. ಮುರಿದ ಮೂಳೆ ಇಟ್ಟುಕೊಂಡೇ ಎಣಿಸಿದರಂತೆ.

“ಮೂವತ್ತೆಂಟಕ್ಕೆ ಸಿಕ್ತು,” ಎಂದರು. “ನಿಮ್ಮ ಯಜಮಾನರದ್ದು ಎರಡು ಮಾತ್ರ ತಪ್ಪಾಗಿತ್ತು.”

ಗಾರ್ತ್, ನಾನು ಕೈಯಲ್ಲಿದ್ದ ಪ್ಯಾಸ್ಟಿ ಕೆಳಗಿಟ್ಟೆ. ಎಲ್ಲಿ ಮರ, ಎಲ್ಲಿ ಸುಳಿ, ಎಷ್ಟು ಎಣಿಸಿದರೆ ಮರಳು ಎಂದು ಐಸಿನಂಥ ನೀರಲ್ಲಿ ಮುಳುಗೇಳುತ್ತಾ ಹೇಳಿದವನು, ಅದೇ ದಿನ ಸಂಜೆಯಿಂದ ತನ್ನ ತಲೆ ಕೈಕೊಡುತ್ತಿದೆ ಎಂದು ನಂಬಿಕೊಂಡ. ನಂಬಲು ಕಾರಣ ಹಗ್ಗದ ತುದಿಯ ಒಂದು ಗಂಟು.

ಇಷ್ಟು ಚೆನ್ನಾಗಿ ಹುಟ್ಟು ಹಾಕಲು ಇವಳು ಯಾವಾಗ ಕಲಿತಳು ಎಂದು ನೀನು ಆಗಲೇ ಗೊಣಗುತ್ತಿರಬೇಕು. ಅಲ್ಲಿಗೇ ಬರುತ್ತಿದ್ದೇನೆ.

ಮೊದಲು ನಿನ್ನ ಪಾಠವನ್ನೇ ನಿನಗೆ ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು. ಲಂಗರಿನ ಹಗ್ಗದ ತುದಿಗೆ ಗಂಟು ಹಾಕಬಾರದು. ಬಿಗ್ ಹೋಲ್‌ನಲ್ಲಿ ಹುಟ್ಟು ಹಿಡಿದ ಪ್ರತಿಯೊಬ್ಬನಿಗೂ ಇದು ಮೊದಲ ಅಕ್ಷರ. ನೆರೆ ನೀರಲ್ಲಿ ಲಂಗರು ಬಂಡೆಗೆ ಸಿಕ್ಕಿಕೊಂಡರೆ ಹಗ್ಗವನ್ನು ಪೂರ್ತಿ ಜಾರಿಹೋಗಲು ಬಿಟ್ಟು, ಲಂಗರು ಹಗ್ಗ ಎರಡನ್ನೂ ನದಿಗೆ ಒಪ್ಪಿಸಿ ಜೀವ ಉಳಿಸಿಕೊಳ್ಳಬೇಕು. ತುದಿಯಲ್ಲಿ ಗಂಟಿದ್ದರೆ ಅದು ಹಗ್ಗ ಹಾಯುವ ರಾಟೆಯಲ್ಲಿ ಕಚ್ಚಿಕೊಳ್ಳುತ್ತದೆ, ದೋಣಿಯ ಹಿಂಬದಿ ನೀರೊಳಗೆ ಹೋಗುತ್ತದೆ, ಎರಡು ಉಸಿರಿನಲ್ಲಿ ಎಲ್ಲ ಮುಗಿಯುತ್ತದೆ. ಅದಕ್ಕೇ ನೀನು ಪ್ರತಿ ಬೆಳಿಗ್ಗೆ ಹಗ್ಗದ ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿಯೇ ಹೊರಡುತ್ತಿದ್ದೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನಾನು ಒಬ್ಬಳೇ ಮನೆಯ ಮುಂದಿನ ನಿಧಾನ ನೀರಿಗೆ ದೋಣಿ ಇಳಿಸಿದ್ದು, ಲಂಗರು ಬಿಟ್ಟಾಗ ಹಗ್ಗ ಕೈಜಾರಿ ಇಡೀ ಸುರುಳಿ ಸರ್ರನೆ ಹೋಗಿ, ಮೂವತ್ತು ಪೌಂಡಿನ ಲಂಗರು ನದಿಪಾಲಾದದ್ದು ನಿನಗೆ ಗೊತ್ತಿದೆ. ನಿನಗೆ ಮಾತ್ರವೇ? ಇಡೀ ಮೆಲ್ರೋಸಿಗೆ ಗೊತ್ತಿದೆ. ಕಾಫಿ ಅಂಗಡಿಯ ಗೋಡೆಗೆ ನೀನೇ ಚೀಟಿ ಅಂಟಿಸಿದೆ: ನದಿಯಲ್ಲಿ ಲಂಗರು ಸಿಕ್ಕಿದವರು ಐಲಾಳಿಗೆ ತಲುಪಿಸಿ, ಅವಳು ನೀರಿಗೆ ಕಾಣಿಕೆ ಕೊಟ್ಟಿದ್ದಾಳೆ. ಎರಡು ತಿಂಗಳು ಜನ ನನ್ನನ್ನು ಕಂಡು ನಕ್ಕರು. ನಾನೂ ನಕ್ಕೆ. ಒಳಗೊಳಗೇ ಕುದಿಯುತ್ತಿದ್ದೆ. ಇನ್ನು ದೋಣಿ ಮುಟ್ಟುವುದಿಲ್ಲ ಎಂದು ನಿನ್ನ ಮುಂದೆ ಹೇಳಿದೆ. ಆದರೆ ನೀನು ಡಿಲನ್‌ಗೋ ಬ್ಯೂಟ್‌ಗೋ ಹೋದ ದಿನವೆಲ್ಲ ದೋಣಿ ಇಳಿಸಿದೆ. ಕದ್ದು ಕಲಿತು, ಒಂದು ದಿನ ನಿನ್ನನ್ನು ಗಿರಾಕಿಯ ಸೀಟಿನಲ್ಲಿ ಕೂರಿಸಿ ಪಾದ್ರಿ ಕಲ್ಲು ದಾಟಿಸಿ, ನಿನ್ನ ಮುಖ ನೋಡಬೇಕು ಎಂಬುದೊಂದೇ ಆಸೆ.

ಜೂನ್ ಹದಿಮೂರರಂದು ನೀನು ಟ್ರೇಲರಿನ ಚಕ್ರ ತರಲು ಡಿಲನ್‌ಗೆ ಹೋದೆ. ಮಧ್ಯಾಹ್ನ ನಾನು ನೀರಿಗಿಳಿದೆ. ಇನ್ನೊಂದು ಲಂಗರು ಕಳೆದರೆ ಈ ಊರಲ್ಲಿ ಬಾಳುವುದು ಕಷ್ಟ ಎಂದು ಹಗ್ಗದ ತುದಿಗೆ ಗಂಟು ಹಾಕಿದೆ. ಮನೆಯ ಮುಂದೆ ಮಡುವಿನಲ್ಲೇ ಇರುತ್ತೇನಲ್ಲ, ಏನಾಗುತ್ತದೆ ಎಂದುಕೊಂಡೆ. ಸಂಜೆ ನೀನು ಬರುವ ಮೊದಲು ದೋಣಿಯನ್ನು ಎಳೆದು, ಗುರುತು ಸಿಗದ ಹಾಗೆ ಒರೆಸಿ, ಹುಟ್ಟುಗಳನ್ನು ನೀನಿಟ್ಟ ಹಾಗೇ ಇಟ್ಟೆ. ಎಲ್ಲ ನೆನಪಿತ್ತು, ಗಂಟು ಬಿಚ್ಚುವುದೊಂದು ಮರೆತೆ.

ಮರುದಿನ ಬೆಳಿಗ್ಗೆ ಪೆಟಿಗ್ರೂ ಒಂದು ಗಂಟೆ ತಡವಾಗಿ ಬಂದರು. ನೀನು ಓಡುತ್ತಾ ಹೊರಟೆ, ತುದಿ ಮುಟ್ಟಿ ನೋಡಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಬೆಳಿಗ್ಗೆ. ಅವಸರಕ್ಕೆ ಯಾರೂ ಮರೆವು ಎನ್ನುವುದಿಲ್ಲ. ಅಲೆಗೆ ದೋಣಿ ಕುಕ್ಕಿದಾಗ ಸಾಹೇಬರ ಬೂಟು ತಾಗಿ ಹಗ್ಗ ಹಿಡಿಕೆಯಿಂದ ಕಳಚಿತು, ಲಂಗರು ಇಳಿದು ಬಂಡೆಗೆ ಕಚ್ಚಿತು, ನೀನು ಹಗ್ಗವನ್ನು ಜಾರಿಹೋಗಲು ಬಿಟ್ಟೆ. ಅದು ನನ್ನ ಗಂಟಿನವರೆಗೆ ಜಾರಿ ನಿಂತಿತು. ನೀನು ಚಾಕು ತೆಗೆದು ಕತ್ತರಿಸುವ ಹೊತ್ತಿಗೆ ತಡವಾಗಿತ್ತು.

ಸುದ್ದಿ ತಿಳಿದು ನಾನು ಟ್ರಕ್ ಓಡಿಸಿಕೊಂಡು ಕಡವಿಗೆ ಬಂದಾಗ ನೀನು ಕಂಬಳಿ ಹೊದ್ದು ಕೂತಿದ್ದೆ. ಕತ್ತರಿಸಿದ ಹಗ್ಗದ ತುಂಡು ಕೈಯಲ್ಲಿತ್ತು.

“ಐಲಾ, ಈ ಗಂಟು ನಾನು ಯಾವಾಗ ಹಾಕ್ದೆ? ನಂಗೆ ನೆನಪೇ ಇಲ್ಲ.”

ಒಂದು ಮಾತು ಸಾಕಿತ್ತು. ಮನೆಗೆ ಹೋಗೋಣ ಬಾ ಎಂದೆ. ಆ ಹಗ್ಗವನ್ನು ನಿನ್ನ ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲ, ಐಲಾ ಅಂತೂ ದೋಣಿಯ ಹತ್ತಿರವೂ ಸುಳಿಯುವುದಿಲ್ಲ ಎಂದು ನೀನು ತಿಳಿದಿದ್ದೆ. ಅಂದಮೇಲೆ ಗಂಟು ನಿನ್ನದೇ ಆಗಬೇಕು. ಅಂದು ಸಂಜೆ ನೀನು ಅಡುಗೆಮನೆಯ ಮೇಜಿನ ಮುಂದೆ ಕೂತು ನಿಮ್ಮಪ್ಪನ ಮಾತು ತೆಗೆದೆ. ಐನಾರ್ ಮಾವ ಅರವತ್ತಕ್ಕೇ ತಮ್ಮ ಸ್ವಂತ ಮನೆಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತು, ಒಳಗೆ ಬರಬಹುದೇ ಎಂದು ನಿಮ್ಮಮ್ಮನನ್ನು ಕೇಳುತ್ತಿದ್ದರು. ನಿನಗೆ ಆಗ ಐವತ್ತೊಂಬತ್ತು. ಇನ್ನೊಂದು ವರ್ಷ ಎಂದು ನೀನೇ ಲೆಕ್ಕ ಹಾಕಿಕೊಂಡೆ. ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಹೇಳಿದರೆ ನೀನು, ಅದಕ್ಕೊಂದು ಹೆಸರು ಇಡಿಸಿಕೊಳ್ಳಲು ನಾನು ಬರುವುದಿಲ್ಲ ಎಂದೆ.

ನಾನು ಏಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯ. ಹೆದರಿಕೆ. ಲಂಗರಿನ ಚೀಟಿಯೇ ಇನ್ನೂ ಗೋಡೆಯ ಮೇಲಿತ್ತು. ಒಬ್ಬ ಮುದುಕರ ಮೂಳೆ ಮುರಿದಿತ್ತು, ಅವರು ಸತ್ತೇ ಹೋಗಬಹುದಿತ್ತು, ನೀನೂ ಹೋಗಬಹುದಿತ್ತು. ಕದ್ದು ದೋಣಿ ಇಳಿಸುತ್ತಿದ್ದುದನ್ನು ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡು ನಾಳೆಗಳು ಕಳೆದವು, ಪ್ರತಿ ನಾಳೆಗೂ ಮಾತು ಇನ್ನಷ್ಟು ಭಾರವಾಯಿತು. ಅಕ್ಟೋಬರ್‌ನಲ್ಲಿ ನೀನು ಎರಡು ಚೀಲ ತುಂಬಿಕೊಂಡು ಟ್ರಕ್ ಹತ್ತಿದೆ. ಕಿಟಕಿ ಇಳಿಸಿ, ಅಪ್ಪನಿಗೆ ಅಮ್ಮ ಒಂಬತ್ತು ವರ್ಷ ಮಾಡಿದ್ದನ್ನು ನೀನು ಮಾಡುವುದು ಬೇಡ ಎಂದೆ. ನಾನು ಅಲ್ಲೇ ನಿಂತಿದ್ದೆ, ಎರಡು ಅಡಿ ದೂರದಲ್ಲಿ. ಆಗಲೂ ಹೇಳಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮರಳುದಿಬ್ಬದ ಮೇಲೆ ಇದೆಲ್ಲವನ್ನೂ ಪೆಟಿಗ್ರೂ ಸಾಹೇಬರಿಗೆ ಹೇಳಿದೆ. ಮುರಿದದ್ದು ಅವರ ಮೂಳೆ ತಾನೇ. ಅವರು ಪ್ಯಾಸ್ಟಿಯ ಕೊನೆಯ ತುಣುಕು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ಕೈ ಒರೆಸಿಕೊಂಡರು.

“ನನಗ್ಯಾಕಮ್ಮ ಹೇಳ್ತೀರಿ? ನನ್ನ ಮೂಳೆ ಆಗಲೇ ಕೂಡಿಕೊಂಡಿದೆ. ಕೂಡದೇ ಇರೋರು ಮಾಲ್ಟಾದಲ್ಲಿ ಇದ್ದಾರೆ.”

ಅಷ್ಟು ಹೇಳಿ ಗಾಳದ ಕೋಲು ಎತ್ತಿಕೊಂಡು ದೋಣಿ ಹತ್ತಿದರು. ಮಧ್ಯಾಹ್ನ ಇನ್ನೂ ನಾಲ್ಕು ಮೀನು ಹಿಡಿದರು, ನಾಲ್ಕೂ ದಡದ ಹುಲ್ಲಿನಿಂದ.

ನಿನ್ನೆ ಬುಧವಾರ ಮಾರ್ಲಾ ಫೋನ್ ಮಾಡಿದಳು. ನೀನು ಅವಳ ಅಡುಗೆಮನೆಯ ಡ್ರಾಯರುಗಳಿಗೆಲ್ಲ ಚೀಟಿ ಅಂಟಿಸಿದ್ದೀಯಂತೆ. ಚಮಚ. ಬೆಂಕಿಪೊಟ್ಟಣ. ದೀಪದ ಬಲ್ಬು. ಅಣ್ಣ ಈಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾನೆ ಎಂದಳು. ಮೊದಲು ನನಗೆ ನಗು ಬಂತು, ಮೂವತ್ತು ವರ್ಷ ನನ್ನ ಅಡುಗೆಮನೆಯಲ್ಲಿ ಚಮಚ ಎಲ್ಲಿದೆ ಎಂದೇ ನಿನಗೆ ಗೊತ್ತಿರಲಿಲ್ಲ. ಆಮೇಲೆ ಅವಳು ನಿನ್ನ ಕೋಣೆಯ ಮೇಜಿನ ಡ್ರಾಯರಿಗೂ ಒಂದು ಚೀಟಿ ಇದೆ ಎಂದಳು. ಅದರ ಮೇಲೆ ‘ಗಂಟು’ ಎಂದು ಬರೆದಿದೆಯಂತೆ.

ಈಗ ಎದ್ದು ಹೋಗಿ ಆ ಡ್ರಾಯರ್ ತೆಗೆ. ನಾನು ಕಾಯುತ್ತೇನೆ. 

ತುಂಡು ಕೈಗೆ ಸಿಕ್ಕಿತೇ? ಗಂಟಿನ ಬಾಲವನ್ನು ಉಗುರಿನಿಂದ ಕೆರೆದು ನೋಡು. ಹಗ್ಗ ಕಪ್ಪು, ದಾರವೂ ಕಪ್ಪು, ಮೇಲೆ ಕೆಸರು ಒಣಗಿದೆ, ಅದಕ್ಕೇ ಕಂಡಿರಲಾರದು. ಗಂಟು ಸಡಿಲವಾಗಬಾರದೆಂದು ಬಾಲಕ್ಕೆ ಮೇಣದ ದಾರ ಸುತ್ತಿದ್ದೇನೆ. ಹುಳದ ತಲೆ ಮುಗಿಸುವ ಹಾಗೆ ಆರು ಸುತ್ತು, ತುದಿ ಒಳಕ್ಕೆ ಎಳೆದು ಕತ್ತರಿಸಿದ್ದು. ನೀನು ನಿನ್ನ ಜನ್ಮದಲ್ಲಿ ಒಂದು ಹುಳ ಕಟ್ಟಿದ್ದೀಯಾ? ನಿನ್ನ ದಪ್ಪ ಬೆರಳಿಗೆ ಆ ದಾರ ಹಿಡಿಯಲಾದರೂ ಬರುತ್ತದೆಯೇ? ಅದು ನನ್ನ ಕೈ, ಗಾರ್ತ್. ವರ್ಷವಿಡೀ ನಿನ್ನ ಡ್ರಾಯರಿನಲ್ಲಿ ನನ್ನ ಕೈಬರಹ ಇಟ್ಟುಕೊಂಡು ನಿನ್ನದೆಂದು ಅಳುತ್ತಿದ್ದೀಯ.

ನೀನು ಏನನ್ನೂ ಮರೆತಿಲ್ಲ. ಮರೆತವಳು ನಾನು, ಮುಚ್ಚಿಟ್ಟವಳೂ ನಾನು. ಇಷ್ಟಾದ ಮೇಲೂ ಅನುಮಾನ ಉಳಿದಿದ್ದರೆ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೋ, ಅದರ ಫಲ ಏನೇ ಇರಲಿ ನಾನು ಜೊತೆಗಿರುತ್ತೇನೆ. ಆದರೆ ಆ ಗಂಟಿನ ಆಧಾರದ ಮೇಲೆ ಇನ್ನೊಂದು ದಿನವೂ ಹೆದರಬೇಡ.

ಇಂದು ಬೆಳಿಗ್ಗೆ ಈ ಕಾಗದಕ್ಕೆ ಕೂರುವ ಮೊದಲು ಕಾಫಿ ಅಂಗಡಿಗೆ ಹೋಗಿ, ನೀರಿಳಿಯಲಿ ಎಂದು ಕಾಯುತ್ತಾ ಕೂತವರೆಲ್ಲರ ಮುಂದೆ ನಿಂತು ಹೇಳಿದೆ: ಕಳೆದ ವರ್ಷದ ಗಂಟು ನನ್ನದು, ಗಾರ್ತ್‌ನದಲ್ಲ. ಯಾರೂ ನಗಲಿಲ್ಲ. ಒಬ್ಬರು, ಇದು ಗಾರ್ತ್‌ಗೆ ಗೊತ್ತಾ ಎಂದು ಕೇಳಿದರು. ಇವತ್ತಿನ ಅಂಚೆಯಲ್ಲಿ ಗೊತ್ತಾಗುತ್ತದೆ ಎಂದೆ. ಇನ್ನು ನಾನು ಹಿಂದೆ ಸರಿಯುವ ಹಾಗಿಲ್ಲ, ಅದಕ್ಕೇ ಮೊದಲು ಅಲ್ಲಿ ಹೇಳಿದ್ದು. ನನ್ನನ್ನು ನಾನು ಬಲ್ಲೆ.

ನಿನ್ನ ಸಹಿಯ ಕಾಗದವನ್ನು ಹರಿದು ಒಲೆಗೆ ಹಾಕಿದ್ದೇನೆ. ದೋಣಿ ಅಂಗಳದಲ್ಲಿದೆ, ಹಗ್ಗದ ತುದಿ ಬರಿದಾಗಿದೆ. ಇನ್ನೆರಡು ವಾರ ನೀರು ಹೀಗೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಪೆಟಿಗ್ರೂ ಸಾಹೇಬರು ಮುಂದಿನ ಗುರುವಾರದವರೆಗೆ ಇಲ್ಲೇ ಇದ್ದಾರೆ, ನಿನ್ನ ಜೊತೆ ಒಂದು ದಿನ ಬೇಕಂತೆ. ನೀನು ಹುಟ್ಟು ಹಿಡಿಯುತ್ತೀಯೋ, ಹಿಡಿದವಳ ಮುಂದೆ ಕೂತು ತಪ್ಪು ಹುಡುಕುತ್ತೀಯೋ, ಅದು ನಿನಗೆ ಬಿಟ್ಟದ್ದು.

ಮಾರ್ಲಾಗೆ ನನ್ನ ನೆನಪು ಹೇಳು. ಅವಳ ಡ್ರಾಯರುಗಳ ಚೀಟಿ ಕಿತ್ತು ಬರುವುದನ್ನು ಮರೆಯಬೇಡ.

ತಪ್ಪು ಒಪ್ಪಿಕೊಂಡ, ಆದರೆ ಒಂಬತ್ತೇ ಎಳೆತಕ್ಕೆ ಕಲ್ಲು ದಾಟಿಸಿದ,
ನಿನ್ನ ಐಲಾ

ತಾ.ಕ.: ಲಕೋಟೆಗೆ ಹಾಕುವ ಮೊದಲು ಮೇಲಿನಿಂದ ಓದಿದೆ. ಹೆದರಿಕೆಯಿಂದ ಬಾಯಿ ಬಿಡಲಿಲ್ಲ ಎಂದು ಬರೆದದ್ದು ಮೊದಲ ಎರಡು ವಾರಕ್ಕೆ ಮಾತ್ರ ನಿಜ. ಆಮೇಲಿನದಕ್ಕೆ ಕಾರಣ ಬೇರೆ. ಜುಲೈ ಬಂದ ಮೇಲೆ ನೀನು ನನ್ನನ್ನು ಕೇಳದೆ ಏನನ್ನೂ ಮಾಡುತ್ತಿರಲಿಲ್ಲ. ಒಲೆ ಆರಿಸಿದೆನಾ, ಈ ಅಂಗಿ ನಿನ್ನೆ ಹಾಕಿದ್ದೆನಾ, ಇವತ್ತು ಏನು ವಾರ ಎಂದು ಕೇಳುತ್ತಿದ್ದೆ. ಅಂಗಡಿಗೆ ಹೋಗುವಾಗ ನನ್ನ ತೋಳು ಹಿಡಿದುಕೊಂಡು ನಡೆಯುತ್ತಿದ್ದೆ. ನಾನು ಮಾತಾಡುವಾಗ ಕಿಟಕಿಯಾಚೆ ನದಿ ನೋಡದೆ ನನ್ನ ಬಾಯನ್ನೇ ನೋಡುತ್ತಿದ್ದೆ, ಒಂದು ಮಾತೂ ತಪ್ಪಿಹೋಗಬಾರದೆಂದು. ಮದುವೆಯಾದ ಮೂವತ್ತು ವರ್ಷದಲ್ಲಿ ನೀನು ನನ್ನನ್ನು ಹಾಗೆ ನೋಡಿದ್ದು ಆ ಮೂರೇ ತಿಂಗಳು. ನನಗೆ ಅದು ಹಿತವಾಗಿತ್ತು. ಅದಕ್ಕೇ ಹೇಳಲಿಲ್ಲ. ನೀನು ಹೆದರಿ ನಡುಗುತ್ತಿದ್ದೆ, ನನಗೆ ಹಿತವಾಗಿತ್ತು. ಇದನ್ನು ಓದಿ ನಿನಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಇಳಿಯಲಿ ಎಂದು ಅಲ್ಲೇ ಕೂತಿರಬೇಡ. ಸಿಟ್ಟು ಮಾಡಿಕೊಂಡೇ ಬಾ.